ದ್ಯಾವಮ್ಮ ತಂದ ರೊಟ್ಟಿ

ದ್ಯಾವಮ್ಮ ತನ್ನ ಆಡುಗಳನ್ನು ಬೈಯುತ್ತಿದ್ದರೆ, ಬೀಗರ ಜೊತೆ ಜಗಳ ಹತ್ತಿದೆ ಎಂದೇ ಹೊಸಬರು ತಿಳಿಯಬೇಕು. "ಎಲ್ಲಿ ಹೋಗಿ ಸತ್ತೀಯೇ ನನ ಸವತಿ, ಬಾ ಇತ್ತ!" ಎಂದು ಕೂಗಿ, ಹತ್ತಿರ ಬಂದ ಮೇಲೆ ಅದರ ಕಿವಿ ಸವರುತ್ತಿದ್ದಳು.

ನಾವು ಯಾದಗಿರಿಯ ಹಾಸ್ಟೆಲ್ ಹುಡುಗಿಯರು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ನಮ್ಮ ಚರ್ಚಿನ ಪಾಸ್ಟರ್ ನಮ್ಮನ್ನು ಗೋಗಿ ಊರ ಹೊರಗೊಂದು ಹೊಲದಲ್ಲಿ ತಾಡಪತ್ರಿ ಗುಡಿಸಲು ಹಾಕಿ ಇರಿಸಿದ್ದರು. ಒಂದು ವಾರ ಬಡವರಂತೆ ಬದುಕಿದರೆ ಕ್ರಿಸ್ತನ ಕರುಣೆ ನಮ್ಮೊಳಗೂ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ಮೊಬೈಲ್ ಇಲ್ಲ, ಊಟಕ್ಕೆ ಬರೀ ಗಂಜಿ, ಯಾರು ಏನು ಕೊಟ್ಟರೂ ಮುಟ್ಟುವಂತಿಲ್ಲ. ನಾವೂ ನಾಟಕಕ್ಕೆ ಹೊರಟವರಂತೆ ಹರಕು ಬಟ್ಟೆ ಹುಡುಕಿ ತೊಟ್ಟುಕೊಂಡು ಹೋಗಿದ್ದೆವು.

ಪಕ್ಕದ ದಲಿತ ಕೇರಿಯ ದ್ಯಾವಮ್ಮನಿಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. "ಎಳೀ ಹುಡುಗೇರು, ಬರೇ ತಿಳಿನೀರು ಕುಡದು ಹ್ಯಾಂಗ ಇರ್ತೀರವ್ವ?" ಎಂದವಳು ಮರುದಿನ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದಳು. ಕೈಗೆ ಕೊಡದೆ ಕಲ್ಲಿನ ಮೇಲಿಟ್ಟು ದೂರ ಸರಿದು ನಿಂತಳು.

"ಬ್ಯಾಡ ದೊಡ್ಡವ್ವ, ನಾವು ತಗೊಳ್ಳಂಗಿಲ್ಲ" ಎಂದೆ. ನಿಯಮ ಮುರಿಯಲಿಲ್ಲವೆಂಬ ಹೆಮ್ಮೆ ಬೇರೆ ನನಗೆ!

ಅವಳ ಮುಖ ಸಣ್ಣದಾಯಿತು. "ತಪ್ಪಾತ್ರಿ. ಕೇರಿ ಮನಿ ರೊಟ್ಟಿ ನಿಮಗ ನಡೆಯಂಗಿಲ್ಲ, ನನಗ ತಿಳೀಲಿಲ್ಲ" ಎಂದು ಎತ್ತಿಕೊಂಡು ಹೋದಳು.

ನನ್ನ ಅಜ್ಜ ಸುರಪುರದ ಅಂಥದೇ ಕೇರಿಯಲ್ಲಿ ಹುಟ್ಟಿದವನು. ಗೆಳತಿಯರ ಮುಂದೆ ಆ ಮಾತು ಬಾಯಿಂದ ಹೊರಡಲಿಲ್ಲ. ಕರುಣೆ ಕಲಿಯಲು ಬಂದವಳಿಗೆ ಅಷ್ಟೂ ಧೈರ್ಯವಿರಲಿಲ್ಲ, ಥೂ!

ಹೊರಡುವ ದಿನ ಒಬ್ಬಳೇ ಅವಳ ಮನೆಗೆ ಹೋದೆ. ಒಳಗೆ ಕೂತು ಪಾಸ್ಟರರ ನಿಯಮ, ಅಜ್ಜನ ಕೇರಿ, ಎಲ್ಲ ಹೇಳಿದೆ. "ನಾನೂ ಕೇರಿ ಹುಡುಗೀನೇ ದೊಡ್ಡವ್ವ. ಹಸಿವಾಗ್ಯಾದ, ನಿನ್ನ ರೊಟ್ಟಿ ಕೊಡು."

"ಉಣ್ಣಾಕ ಇದ್ದೂ ಯಾರರೆ ಬರೇ ಗಂಜಿ ಕುಡೀತಾರೇನು? ನನಗ ಕೆಟ್ಟ ಅನಸಬಾರದಂತ ಹಂಗ ಅನ್ನಾಕತ್ತೀ. ಜರಾ ಕುಂದ್ರು" ಎಂದು ನಕ್ಕು ಹೊರಗೆ ಹೋದಳು.

ಒಲೆಯ ಬಳಿ ಬುಟ್ಟಿಯಲ್ಲಿ ಅವಳ ರೊಟ್ಟಿಗಳಿದ್ದವು. ತಾನೇ ಬಡಿಸಲಿ ಎಂದು ಕಾದೆ. ಅವಳು ಕಾಗದದ ಪೊಟ್ಟಣವೊಂದನ್ನು ತಂದು ನನ್ನ ಮುಂದಿಟ್ಟಳು.

"ಗೌಡರ ಮನ್ಯಾಗ ರೊಟ್ಟಿ ಕೇಳಿ ತಂದೀನಿ. ಅವರೇ ಕಟ್ಟಿ ಕೊಟ್ಟಾರ, ನಾ ಮುಟ್ಟಿಲ್ಲ. ಉಣ್ಣವ್ವ."

ಇನ್ನೊಮ್ಮೆ ಬೇಡ ಎನ್ನಲಾರದೆ ಪೊಟ್ಟಣ ಬಿಚ್ಚಿದೆ. ಅವಳನ್ನು ಕಡೆಯ ಸಲ ನೋಡಿದ್ದು ಹಾಗೆಯೇ: ನಾನು ಉಂಡು ಮುಗಿಸುವವರೆಗೂ ದ್ಯಾವಮ್ಮ ತನ್ನದೇ ಮನೆಯ ಹೊಸ್ತಿಲಾಚೆ ನಿಂತಿದ್ದಳು.