ದೊಡ್ಡಪ್ಪನಿಗಾಗಿ ಏರಿಲ್ಲದ ದಾರಿ

ನಮ್ಮ ದೊಡ್ಡಮ್ಮನಿಗೆ ಮನೆಯವರೆಲ್ಲ ಇಟ್ಟಿರುವ ಹೆಸರು ಗೆರೆಯಮ್ಮ. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಲೇ ತಲೆ ನರೆಯಿತು. ಈಗಲೂ ಊಟದ ಮೇಜಿನ ಗಾಜಿನಡಿ ನಕ್ಷೆಯೇ; ತಟ್ಟೆ ಸರಿಸಿದರೆ ಬೆಟ್ಟ, ಲೋಟ ಎತ್ತಿದರೆ ಕಣಿವೆ. ನಾನಂತೂ ಅವರ ಕಟ್ಟಾ ಅಭಿಮಾನಿ!

ನನಗೆ ಪಾಠ ಆಗಿದ್ದು ಆಲೂಗಡ್ಡೆಯಲ್ಲಿ. ಅರ್ಧ ಹೋಳನ್ನು ಬೋರಲು ಹಾಕಿ, ಅಡ್ಡಡ್ಡ ಬಿಲ್ಲೆ ಕೊಯ್ದು, ಒಂದೊಂದನ್ನೂ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದರು. ಒಂದರೊಳಗೊಂದು ಉಂಗುರ.

"ಇದೇ ಗುಡ್ಡ ಕಣೋ. ಒಂದು ಗೆರೆ ಅಂದ್ರೆ ಒಂದೇ ಎತ್ತರ. ಗೆರೆಗಳು ಒತ್ತೊತ್ತಾಗಿದ್ರೆ ಕಡಿದಾದ ಏರು, ದೂರದೂರ ಇದ್ರೆ ಆರಾಮು."

ದೊಡ್ಡಪ್ಪನಿಗೆ ಹೃದಯದ ಆಪರೇಷನ್ ಆದಮೇಲೆ ಡಾಕ್ಟರು ನಡೆಯಲು ಹೇಳಿದರು, ಕಡಿದಾದ ಏರು ಮಾತ್ರ ಖಂಡಿತ ಬೇಡ ಎಂದರು. ಇವರಿಗೋ ಕಿಟಕಿಯಲ್ಲಿ ಕಾಣುವ ಗುಡ್ಡದ ತುದಿಗೇ ಹೋಗಬೇಕು. ದಿನಾ ಅದೇ ರಗಳೆ. ಕೊನೆಗೆ ದೊಡ್ಡಮ್ಮ ದಾರಿ ಹುಡುಕಲು ಕೂತರು. ಸಣ್ಣ ಗೆರೆ ಕಣ್ಣಿಗೆ ಕಾಣದೆ, ಜೆರಾಕ್ಸ್ ಅಂಗಡಿಯಲ್ಲಿ ನಕ್ಷೆಯ ಗುಡ್ಡವಿರುವ ಭಾಗವನ್ನಷ್ಟೇ ಎರಡರಷ್ಟು ದೊಡ್ಡದು ಮಾಡಿಸಿ ತಂದಿದ್ದರು.

"ಪೂರ್ವದ ಕಡೆಯಿಂದ ಹೋಗೋಣ ರೀ. ದೂರ ಜಾಸ್ತಿ, ಆದ್ರೆ ತೊಟ್ಟಿಲಲ್ಲಿ ಮಲಗಿದಷ್ಟು ಸುಖ."

ಇಬ್ಬರೂ ಬೆಳಿಗ್ಗೆ ಹೊರಟರು. ಸ್ವಲ್ಪ ಹೊತ್ತಿಗೇ ಒಂದು ಹಳ್ಳ ಅಡ್ಡ ಬಂತು. "ಇಷ್ಟು ಬೇಗ ಬಂತಾ?" ಎಂದುಕೊಂಡರು ದೊಡ್ಡಮ್ಮ. ಆದರೂ ದಾಟಿದರು. ಅಲ್ಲಿಂದ ಮುಂದೆ ದಾರಿ ನೆಟ್ಟಗೆ ಮೇಲೆ. ದೊಡ್ಡಪ್ಪ ಏದುಸಿರು ಬಿಡುತ್ತಾ ಬಂಡೆ ಮೇಲೆ ಕುಸಿದು ಕೂತರು. ಮುಖ ಬಿಳಿಚಿಕೊಂಡಿತ್ತು.

"ಏನೇ, ನಿನ್ನ ತೊಟ್ಟಿಲನ್ನ ಗೋಡೆಗೆ ಒರಗಿಸಿಟ್ಟಿದ್ದಾರಾ?"

ದೊಡ್ಡಮ್ಮ ನಗಲಿಲ್ಲ. ನಕ್ಷೆ ಬಿಡಿಸಿ ಹಳ್ಳದ ಮೇಲೆ ಬೆರಳಿಟ್ಟರು. ಆಗ ತಿಳಿಯಿತು. ಹಾಳೆ ದೊಡ್ಡದಾದಾಗ ಹಳ್ಳ ಇರುವುದಕ್ಕಿಂತ ದೂರ ಕಂಡಿತ್ತು, ಗೆರೆಗಳ ನಡುವಿನ ಜಾಗವೂ ಅಗಲವಾಗಿತ್ತು. ಇವರು ಹಳೇ ಅಭ್ಯಾಸದಲ್ಲಿ ಕಣ್ಣಳತೆ ಮಾಡಿ ಆರಾಮಿನ ಏರು ಎಂದುಬಿಟ್ಟಿದ್ದರು. ಇಡೀ ಜೀವನ ಕಂಡಿದ್ದು ಒಂದೇ ಅಳತೆಯ ಹಾಳೆ ನೋಡಿ!

"ತಪ್ಪು ನಂದೇ ರೀ. ಮೇಲೆ ಹೋಗೋದು ಬೇಡ."

"ತುದಿ ಇಲ್ಲೇ ಕಾಣ್ತಿದೆಯಲ್ಲೇ!"

"ಕಾಣ್ಲಿ ಬಿಡಿ. ಬಂದ ದಾರೀಲಿ ಇಳಿಯೋಕೂ ನಮ್ಮಿಬ್ಬರ ಮಂಡಿ ಕೇಳಲ್ಲ."

ಉಸಿರು ಹದಕ್ಕೆ ಬರುವ ತನಕ ಕೂತರು. ಬಳಿಕ ದೊಡ್ಡಮ್ಮ ಕೂತಲ್ಲಿಂದ ಒಂದೇ ಗೆರೆ ಹಿಡಿದು ಬೆರಳು ಓಡಿಸಿದರು. ಅದು ಗುಡ್ಡದ ಸೊಂಟ ಬಳಸಿ ಆಚೆ ಬದಿಯ ಲಾರಿ ರಸ್ತೆಗೆ ತಾಗುತ್ತಿತ್ತು. ಅದರಂತೆಯೇ ನಡೆದರು. ಪೊದೆ ಬಂದರೆ ಬಳಸಿ, ಮತ್ತೆ ಅದೇ ಎತ್ತರಕ್ಕೆ. ದೊಡ್ಡಪ್ಪ ಮೊದಲು ಗೊಣಗಿದರು, ಆಮೇಲೆ ಮಾತಾಡುತ್ತಾ ನಡೆದರು. ಮಾತಾಡಲು ಉಸಿರು ಉಳಿದಿತ್ತು.

ರಸ್ತೆಗೆ ಬಂದಾಗ ಬಿಸಿಲು ಏರಿತ್ತು. ಹಾಲಿನ ವ್ಯಾನಿನವನು ಹತ್ತಿಸಿಕೊಂಡ. ದೊಡ್ಡಪ್ಪ ಗುಡ್ಡದ ಕಡೆ ತಿರುಗಿ, "ಆ ತುದೀಲಿ ಏನಿತ್ತೋ ಏನೋ" ಎಂದರು.

"ನಕ್ಷೇಲಿ ಒಂದು ಚುಕ್ಕಿ ಇದೆ, ಅಷ್ಟೇ. ಸರಿದು ಕೂತ್ಕೊಳ್ಳಿ" ಎಂದರು ದೊಡ್ಡಮ್ಮ.