ಹುಲ್ಲಿನ ಕೊಟ್ಟಿಗೆಯಲ್ಲಿ ಉಳಿದ ಬುಟ್ಟಿ

ಡಾಕ್ಟರ ಮುಂದೆ ಬುಟ್ಟಿಯನ್ನಿಟ್ಟು ಒಂದು ಮಾತು ಹೇಳುವುದಷ್ಟೇ ನನ್ನಿಂದ ಆಗಬೇಕಿದ್ದ ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡಿದೆನೆಂದು ತಂಗಿಗೆ ಸುಳ್ಳು ಹೇಳಿದೆ.

೧೯೨೬ರಲ್ಲಿ ನಾನು ಖಾನಾಪುರದ ದನದ ದವಾಖಾನೆಯಲ್ಲಿ ಡ್ರೆಸ್ಸರ್ ಆಗಿದ್ದೆ. ಕನ್ನಡ ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವನಿಗೆ ಅದು ದೊಡ್ಡ ನೌಕರಿ. ಎತ್ತಿನ ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಡಾಕ್ಟರು ಸೂಜಿ ಚುಚ್ಚುವಾಗ ದನ ಅಲುಗದಂತೆ ಹಿಡಿಯುವುದು ಡ್ರೆಸ್ಸರನ ಕೆಲಸ. ಡಾಕ್ಟರು ಗುರುವಾರಕ್ಕೊಮ್ಮೆ ಬೆಳಗಾವಿಯಿಂದ ರೈಲಿನಲ್ಲಿ ಬಂದು ಸಂಜೆಯ ಗಾಡಿಗೆ ಮರಳುತ್ತಿದ್ದರು. ಅಂದು ಯಾವ ಪ್ರಾಣಿ ಮೊದಲು, ಯಾವುದು ಆಮೇಲೆ ಎಂದು ಸರದಿ ನಿಲ್ಲಿಸುವವನು ನಾನೇ. ನಾನು ಮುಂದೆ ತಂದದ್ದನ್ನು ಅವರು ನೋಡುತ್ತಿದ್ದರು.

ತಂಗಿ ನೀಲವ್ವ ನನ್ನ ಜೊತೆಗಿದ್ದಳು. ಗಂಡ ತೀರಿಕೊಂಡ ಮೇಲೆ ಬೆಳಗಾವಿ ಪಕ್ಕದ ಅನಗೋಳದ ನಮ್ಮ ಮನೆಯಿಂದ ಅವಳನ್ನು ಕರೆತಂದಿದ್ದೆ. ವರ್ಷವಾದರೂ ಅವಳು ಓಣಿಯಲ್ಲಿ ಯಾರ ಹೊಸ್ತಿಲೂ ತುಳಿದಿರಲಿಲ್ಲ. ಮಳೆಗಾಲ ಶುರುವಾದಾಗ, ಓಣಿಯ ತುದಿಯಲ್ಲಿ ಒಟ್ಟಿದ್ದ ಬಿದಿರಿನ ರಾಶಿಯ ಹಿಂದೆ ಕಾಗೆಗಳು ಕುಕ್ಕುತ್ತಿದ್ದ ಬೂದು ಬಣ್ಣದ ಬೆಕ್ಕಿನ ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದಳು. ಗಾಯವೇನೋ ಮಾಯಿತು. ಆದರೆ ಕೆಲವು ದಿನಗಳಲ್ಲಿ ಮರಿ ಹೊಟ್ಟೆಯಿಂದ ಉಸಿರೆಳೆಯತೊಡಗಿತು. ಮಲಗಲಾರದೆ ಕುಳಿತೇ ತೂಕಡಿಸುತ್ತಿತ್ತು.

“ಎದಿಯಾಗ ನೀರು ತುಂಬೈತಿ. ಡಾಕ್ಟರ್ ಸಣ್ಣ ಸೂಜೀಲೆ ಜಗ್ಗಿ ತಗೀತಾರ,” ಎಂದು ಜಂಬದಿಂದ ಹೇಳಿದವನೂ ನಾನೇ. ಕರುಗಳಿಗೆ ಹಾಗೆ ಮಾಡಿದ್ದನ್ನು ನೋಡಿದ್ದೆ.

ಗುರುವಾರದವರೆಗೆ ಮರಿ ಉಳಿಯಬೇಕಿತ್ತು. ನೀಲವ್ವ ಮೊದಲ ಸಲ ಮನೆಮನೆಗೆ ಹೋಗಿ ಕೈ ಒಡ್ಡಿದಳು. ಎದುರುಮನೆಯ ಮರಾಠಿ ಮಾವಶಿ ಆಡಿನ ಹಾಲು ಕೊಟ್ಟಳು. ಕುಂಬಾರರು ಮರಿಯ ಕಾವಿಗೆ ಬಿಸಿಬೂದಿ ತುಂಬಿಡಲು ಸಣ್ಣ ಗಡಿಗೆ ಕೊಟ್ಟರು. ಕುರುಬರ ಮುದುಕ ತನ್ನ ಕಂಬಳಿಯ ಅಂಚನ್ನೇ ಹರಿದು ಕೊಟ್ಟು, “ನನಗರ ಇಷ್ಟ ಜ್ವಾಪಾನ ಯಾರ ಮಾಡ್ತಾರಬೇ?” ಎಂದು ನಗಿಸಿದ. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ಅಂದೇ ಮೊದಲು ನೋಡಿದೆ.

“ಅಗಂ ನೀಲಾ, ನಿಮ್ಮಣ್ಣ ದವಾಖಾನ್ಯಾಗ ಅದಾನ. ನಿನಗ್ಯಾತರ ಕಾಳಜಿ?” ಎಂದಳು ಮಾವಶಿ.

ಗುರುವಾರ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ದವಾಖಾನೆಗೆ ಹೋದೆ. ಅಂಗಳದಲ್ಲಿ ಇನಾಮದಾರರ ಕುದುರೆ ನಿಂತಿತ್ತು, ಸುತ್ತ ಹತ್ತಾರು ಜನ. ಕಂಪೌಂಡರ್ ಬುಟ್ಟಿಯೊಳಗೆ ಇಣುಕಿದ.

“ಏನೋ ಬಸಪ್ಪಾ, ಇನಾಮದಾರರ ಕುದುರಿಗೆ ಜೋಡಿ ತಂದಿ ಏನ?”

ಎಲ್ಲರೂ ನಕ್ಕರು. ನನ್ನ ಮುಖ ಸುಟ್ಟಂತಾಯಿತು. ಬುಟ್ಟಿಯನ್ನು ಹಿಂದಿನ ಹುಲ್ಲಿನ ಕೊಟ್ಟಿಗೆಯಲ್ಲಿಟ್ಟು, ಜನ ಕರಗಿದ ಮೇಲೆ ಕೇಳಿದರಾಯಿತು ಎಂದುಕೊಂಡೆ. ಕುದುರೆಯ ನಂತರ ಎಮ್ಮೆ, ಎಮ್ಮೆಯ ನಂತರ ಎತ್ತು. ಜನ ಕರಗುವ ಹೊತ್ತಿಗೆ ಡಾಕ್ಟರೂ ಸ್ಟೇಶನ್ನಿಗೆ ಹೊರಟಾಗಿತ್ತು. ಅವರ ಚೀಲ ಹೊತ್ತು ರೈಲು ಹತ್ತಿಸಿದವನು ನಾನೇ. ಆಗಲೂ ಹೇಳಲಿಲ್ಲ.

ಕೊಟ್ಟಿಗೆಯಿಂದ ಬುಟ್ಟಿ ಎತ್ತಿಕೊಂಡು ಮನೆಗೆ ಬಂದಾಗ ನೀಲವ್ವ ಬಾಗಿಲಲ್ಲೇ ನಿಂತಿದ್ದಳು.

“ಬೆಕ್ಕಿಗೆ ನಮ್ಮಲ್ಲಿ ಮದ್ದಿಲ್ಲ ಅಂದ್ರು,” ಎಂದೆ.

ಅವಳು ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು. ಶನಿವಾರ ಬೆಳಿಗ್ಗೆ ಮರಿ ಅವಳ ತೊಡೆಯ ಮೇಲೆ ಬಾಯಿ ತೆರೆದು ಉಸಿರಿಗಾಗಿ ಹೆಣಗಿ ಸತ್ತಿತು. ಕಂಬಳಿಯ ತುಂಡಿನ ಸಮೇತ ಹಿತ್ತಲಲ್ಲಿ ಹುಗಿದಳು. ಗಡಿಗೆಯನ್ನು ತೊಳೆದು ಕುಂಬಾರರಿಗೆ ಮರಳಿಸಿ ಬಂದವಳು ಮತ್ತೆ ಯಾರ ಮನೆಗೂ ಹೋಗಲಿಲ್ಲ.

ಮುಂದಿನ ಗುರುವಾರ ಕಂಪೌಂಡರ್ ಅದೇ ಚೇಷ್ಟೆಯ ಮಾತು ತೆಗೆದಾಗ ಡಾಕ್ಟರು ಏನೆಂದು ಕೇಳಿದರು. ನಡೆದದ್ದು ಹೇಳಿದೆ; ಅವರ ಹೆಸರಿನಲ್ಲಿ ಆಡಿದ ಸುಳ್ಳನ್ನು ಮಾತ್ರ ನುಂಗಿಕೊಂಡೆ.

“ಉಳೀತಿತ್ತು ಅಂತ ಹೇಳಾಕ ಬರೂದಿಲ್ಲ. ನೀರು ತಗದಿದ್ರ ಉಸಿರಾಟಕ್ಕರ ಆರಾಮ ಆಗ್ತಿತ್ತು. ಒಂದ ಮಾತ ಹೇಳಾಕ ನಿನಗೇನಾಗಿತ್ತೋ?” ಎಂದರು.

ಯಾವ ಜೀವಕ್ಕೆ ಸರದಿ ಉಂಟು, ಯಾವುದಕ್ಕಿಲ್ಲ ಎಂಬುದನ್ನು ಬಾಗಿಲಲ್ಲಿ ನಿಂತವನು ತೀರ್ಮಾನಿಸಬಾರದು. ನೌಕರಿ ನನಗೆ ಕಲಿಸಿದ್ದು ಇಷ್ಟೇ. ಆಮೇಲೆ ಕೋಳಿ ತಂದವರನ್ನೂ ಸಾಲಿನಲ್ಲಿ ನಿಲ್ಲಿಸಿದೆ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಮೂರು ವರ್ಷದ ನಂತರ ಬೆಳಗಾವಿಗೆ ವರ್ಗವಾಗಿ ಅನಗೋಳದ ಮನೆಗೆ ಮರಳಿದೆವು. ಒಂದು ಬೇಸಿಗೆಯ ಮಧ್ಯಾಹ್ನ ಅದೇ ಡಾಕ್ಟರು ಬಾಗಿಲಿಗೆ ಬಂದರು. ಕಾಕತಿಯಲ್ಲಿ ಎತ್ತೊಂದು ಕಾಲು ಮುರಿದುಕೊಂಡಿತ್ತು, ಹಿಡಿಯಲು ನಾನು ಬೇಕಿತ್ತು. ಬಿಸಿಲಿಗೆ ಬಸವಳಿದಿದ್ದರು.

“ತಂಗೀ, ಕುಡಿಯಾಕ ಒಂದಿಷ್ಟು ನೀರು ಕೊಡವ್ವಾ.”

ಖಾನಾಪುರದಲ್ಲಿ ಅವರು ಸ್ಟೇಶನ್ನಿನಿಂದ ಬರುವುದನ್ನು ಕಂಡು ಗುರುತಿಟ್ಟಿದ್ದ ನೀಲವ್ವ ಅಲುಗಲಿಲ್ಲ. ಬಾಗಿಲಿಗೆ ಬಂದವರಿಗೆ ಕೇಳದೆಯೇ ನೀರು ಕೊಡುವ ಮನೆ ನಮ್ಮದು.

“ಬೆಕ್ಕಿನ ಮರಿಗೆ ಮದ್ದಿಲ್ಲ ಅಂದಾವ್ರು ನೀವಲ್ಲರಿ? ಈ ಮನ್ಯಾಗ ನಿಮಗ ನೀರಿಲ್ಲ.”

ಡಾಕ್ಟರು ನನ್ನ ಕಡೆ ನೋಡಿದರು. ಎಲ್ಲವೂ ಅವರಿಗೆ ಅರ್ಥವಾಯಿತು. ತಾನು ಹಾಗೆ ಅಂದಿಲ್ಲ ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. ಬಾಗಿ ಜೋಡು ಮೆಟ್ಟಿಕೊಳ್ಳತೊಡಗಿದರು.

ನಾನೇ ಒಳಗೆ ಹೋಗಿ ತಂಬಿಗೆ ತುಂಬಿ ತಂದೆ. ಅದನ್ನು ಅವರ ಕೈಗೆ ಕೊಟ್ಟು ತಂಗಿಯ ಕಡೆ ತಿರುಗಿದೆ.

“ನೀಲವ್ವಾ, ಸಾಹೇಬ್ರು ಇಲ್ಲ ಅಂದಿರ್ಲಿಲ್ಲ. ಜನ ನಗ್ತಾರಂತ ನಾ ಬುಟ್ಟಿ ಮುಚ್ಚಿಟ್ಟೆ. ಅವರನ್ನ ನಾ ಕೇಳೇ ಇಲ್ಲವ್ವಾ. ನಂದ ತಪ್ಪಾತು.”