ಹಿತ್ತಲ ಉಸುಕು, ಬೆಲ್ಲದ ಚೀಲ

ಮೊನ್ನೆ ಮೀರಜಿನಲ್ಲಿ ಮಗಳ ಮನೆಯ ಹಿತ್ತಲ ಬಾಗಿಲು ತೆರೆದೆ, ಮೂಗಿಗೆ ಬೆಲ್ಲದ ವಾಸನೆ ಬಡಿಯಿತು. ಹಳೆಯ ಗೋಣಿಚೀಲಕ್ಕೆ ಅಂಟಿಕೊಂಡು, ಇಬ್ಬನಿಗೆ ನೆನೆದು, ತುಸು ಹುಳಿಯಾದ ಬೆಲ್ಲ. ಮೊಮ್ಮಗ ಆಡಲೆಂದು ಅಳಿಯ ಮೂಲೆಯಲ್ಲಿ ಹಲಗೆ ಜೋಡಿಸಿ ಉಸುಕು ತುಂಬಿಸಿದ್ದ. ಬೆಕ್ಕು ಬಾರದಿರಲೆಂದು ಮೇಲೆ ಹೊದಿಸಿದ್ದು ಸಾಂಗ್ಲಿ ಪೇಟೆಯಿಂದ ತಂದ ಬೆಲ್ಲದ ಚೀಲ! "ಅಯ್ಯ, ನಿಮ್ಮ ಜಾಣತನಕ್ಕಿಷ್ಟು!" ಎಂದು ನಿಂತಲ್ಲೇ ನಕ್ಕುಬಿಟ್ಟೆ. ಮಗಳು ಕಕ್ಕಾಬಿಕ್ಕಿಯಾದಳು. ಅವಳಿಗೆ ಹೇಗೆ ನೆನಪಿರಬೇಕು, ಆಗ ಅವಳಿನ್ನೂ ತೊದಲು ಮಾತಿನ ಕೂಸು. ನನಗೆ ಮಾತ್ರ ಆಗಿನ ನಮ್ಮ ಪಕ್ಕದ ಮನೆಯ ಮಾವಶಿ ಗೋಡೆಯಾಚೆಯಿಂದ ಇಣುಕಿದಂತಾಯಿತು...

ಆಗ ನಾವು ಸಾಂಗ್ಲಿಯಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದೆವು. ಕಟ್ಟಡಕ್ಕೆ ತರಿಸಿದ ಉಸುಕಿನಲ್ಲಿ ಉಳಿದದ್ದು ಹಿತ್ತಲಲ್ಲಿ ಬಿದ್ದಿತ್ತು, ಮಗಳು ಇಡೀ ದಿನ ಅದರಲ್ಲೇ ಇರುತ್ತಿದ್ದಳು. ಪಕ್ಕದ್ದು ಅರಿಸಿನ ವ್ಯಾಪಾರದ ಜೈನರ ಮನೆ. ಆ ಮನೆಯ ಹಿರಿಯ ಹೆಂಗಸಿಗೆ ಓಣಿಯವರೆಲ್ಲ ಮರಾಠಿಯಲ್ಲಿ ಚಿಕ್ಕಮ್ಮ ಅಂದಂತೆ ಮಾವಶಿ ಎನ್ನುತ್ತಿದ್ದೆವು. ತವರು ಕನ್ನಡ ಮಾತಿನ ಗಡಿಯೂರು ಆರಗ ಆದ್ದರಿಂದ ನನ್ನ ಜೊತೆ ಬಾಯಿ ತುಂಬ ಕನ್ನಡ. ಕರೆಯದೇ ಬರುವುದು, ಕೇಳದೇ ಹೇಳುವುದು ಅವರ ಪದ್ಧತಿ. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದಾಳು ದಾಟುವಷ್ಟು ಸಂದು ಬಿಟ್ಟಿದ್ದರು, ನನ್ನ ಪಾಲಿಗೆ ಅದೊಂದು ಕಾಟವೇ ಆಗಿತ್ತು.

"ಇದರಾಗ ಕೂಸು ಬಿಟ್ಟೀಯಲ್ಲ, ಮೊಳೆ ಅದಾವು, ತಂತಿ ಅದಾವು, ಓಣ್ಯಾನ ಬೆಕ್ಕಿಗೆಲ್ಲಾ ಇದ ಸಂಡಾಸ ಆಗೇತಿ!" ಎಂದು ಒಂದು ಬೆಳಿಗ್ಗೆ ಜರಡಿ ಹಿಡಿದೇ ಬಂದರು. ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸುವವರು, ಉಸುಕನ್ನು ಬಿಟ್ಟಾರೆಯೇ? ಇಬ್ಬರೂ ಕೂತು ಜರಡಿ ಹಿಡಿದೆವು. ತುಕ್ಕು ಹಿಡಿದ ಮೊಳೆ, ಗಾಜಿನ ಚೂರು, ಹೇಳಬಾರದ್ದು ಏನೇನೋ ಸಿಕ್ಕವು. ತೆಳ್ಳಗೆ ಹರವಿ ಬಿಸಿಲಿಗೆ ಒಣಗಿಸಿದೆವು, ಸುತ್ತ ಇಟ್ಟಿಗೆ ಜೋಡಿಸಿದೆವು. ಸಂಜೆಯಾದರೆ ಮುಚ್ಚಬೇಕು, ಆಡಿ ಬಂದ ಕೂಡಲೇ ಕೂಸಿನ ಕೈ ಸೋಪು ಹಚ್ಚಿ ತೊಳೆಯಬೇಕು ಎಂದು ಅಪ್ಪಣೆಯಾಯಿತು. ಅವರ ಮಾತು ಕೇಳಿ ತಲೆ ಕೆಟ್ಟರೂ ಆ ಉಸುಕು ನೋಡಿ ಮನಸ್ಸು ಹಗುರವಾಗಿತ್ತು.

ಮುಚ್ಚಲು ಏನಾದರೂ ತನ್ನಿ ಎಂದು ನಮ್ಮ ಯಜಮಾನರಿಗೆ ಹೇಳಿದೆ. ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು, ಅಲ್ಲಿಯ ಖಾಲಿ ಚೀಲಗಳನ್ನೇ ಹೊಲಿಸಿ ತಂದು ದೊಡ್ಡ ಸಾಧನೆಯೆಂಬಂತೆ ಹೊದಿಸಿದರು. ದಿನಾ ಬೆಲ್ಲದ ನಡುವೆ ಇರುವ ಮೂಗಿಗೆ ಬೆಲ್ಲದ ವಾಸನೆ ಎಲ್ಲಿ ತಿಳಿಯಬೇಕು! ಮರುದಿನ ಚೀಲ ಎತ್ತಿದರೆ ಉಸುಕೆಲ್ಲ ಕೆಂಪಿರುವೆ. ನಾನು ನೋಡುವುದರೊಳಗೆ ಮಗಳು ಕಾಲಿಟ್ಟಾಗಿತ್ತು. ಮೊಣಕಾಲಿನ ತನಕ ದದ್ದು ಎದ್ದು ಕೂಸು ಕಿರುಚಿ ಕಿರುಚಿ ಸಾಕಾಯಿತು.

ಸಂಜೆ ಯಜಮಾನರು ಸಿಟ್ಟಿನಿಂದ ಇರುವೆ ಕೊಲ್ಲುವ ಬಿಳಿ ಪುಡಿ ತಂದು ಸುತ್ತಲೂ ಚೆಲ್ಲಿದರು. ಮಾವಶಿ ಸಂದಿಯಲ್ಲಿ ನಿಂತು, "ಬ್ಯಾಡರಿ, ಪಾಪ ಕಟ್ಟಿಕೋಬ್ಯಾಡ್ರಿ. ಬೆಲ್ಲದ ಚೀಲಾ ಹಾಸಿ ನೀವ ಕರದು, ಬಂದವಕ್ಕ ವಿಷಾ ಹಾಕತೀರಿ?" ಎಂದರು.

"ಮಾವಶಿ, ನಿಮ್ಮ ಧರ್ಮ ನಿಮಗ. ನನ್ನ ಕೂಸಿನ ಕಾಲು ನನಗ," ಎಂದು ಇವರೂ ಬಿರುಸಾಗಿಯೇ ಹೇಳಿದರು. ಮಾವಶಿ ಒಳಗೆ ಹೋದರು.

ಮರುದಿನ ಮಗಳನ್ನು ಹೊರಗೆ ಬಿಡಬಾರದೆಂದು ಹಿತ್ತಲ ಬಾಗಿಲ ಚಿಲಕ ಹಾಕಿದ್ದೆ. ಯಜಮಾನರು ಕೆಲಸಕ್ಕೆ ಹೋಗುವಾಗ ಹಿತ್ತಲಿನಿಂದ ಸೈಕಲ್ ತೆಗೆದು ಬಾಗಿಲು ಹಾಗೇ ಬಿಟ್ಟಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಮನೆ ಯಾಕೋ ಬಹಳ ಸುಮ್ಮನಿದೆ ಅನ್ನಿಸಿ ಎದ್ದು ನೋಡುತ್ತೇನೆ... ಕೂಸು ಇಟ್ಟಿಗೆಯ ಪಕ್ಕ ಕೂತು ಬೆರಳು ನೆಕ್ಕುತ್ತಿದ್ದಾಳೆ, ತುಟಿ ತುಂಬ ಬಿಳಿ ಪುಡಿ.

ಹಿಟ್ಟಿನ ಕೈಯಲ್ಲೇ ಎತ್ತಿಕೊಂಡು ಬಾಯಿಗೆ ಬೆರಳು ಹಾಕಿ ಉಗುಳಿಸತೊಡಗಿದೆ. ಎಷ್ಟು ಜೋರಾಗಿ ಚೀರಿದೆನೋ, ಮಾವಶಿ ಸಂದಿಯಿಂದ ಓಡಿ ಬಂದರು.

"ತಡಿಯವ್ವಾ, ತಡಿ! ಹಿಟ್ಟದು, ಹಿಟ್ಟು-ಸಕ್ಕರಿ!"

ನಾನು ನಂಬಲಿಲ್ಲ. ಅವರು ಬಗ್ಗಿ, ಅದೇ ಪುಡಿಯನ್ನು ಚಿಟಿಕೆ ತೆಗೆದು ತಮ್ಮ ನಾಲಿಗೆಗೆ ಹಾಕಿಕೊಂಡರು. ಆಮೇಲೆ ನಾನೂ ಹಾಕಿಕೊಂಡೆ. ಸಿಹಿಯಾಗಿತ್ತು. ಕೂಸನ್ನು ತಬ್ಬಿಕೊಂಡು ಅಲ್ಲೇ ನೆಲಕ್ಕೆ ಕುಸಿದು ಹೋ ಎಂದು ಅತ್ತೆ.

ಬೆಳಕು ಹರಿಯುವಾಗಲೇ ಮಾವಶಿ ಬಂದು ಪುಡಿ ಬಿದ್ದ ಉಸುಕನ್ನು ಸಲಿಕೆಯಿಂದ ಮೊಳದಾಳ ತೆಗೆದಿದ್ದರಂತೆ. ಇಟ್ಟಿಗೆಗಳನ್ನು ತೊಳೆದು, ಅಲ್ಲಿಂದ ಗೋಡೆಯ ಸಂದಿಯವರೆಗೆ, ಸಂದಿಯಿಂದ ತಮ್ಮ ಹಿತ್ತಲ ಪೇರಲ ಗಿಡದ ಬುಡದವರೆಗೆ ಹಿಟ್ಟು-ಸಕ್ಕರೆಯ ಸಾಲು ಎಳೆದಿದ್ದರು. ಇರುವೆಗೆ ಹಿಟ್ಟು ಹಾಕುವುದು ಆ ಮನೆಯಲ್ಲಿ ದಿನದ ವ್ರತ. ನಮ್ಮ ಇರುವೆಗಳು ಸಾಲಾಗಿ ಅವರ ಮನೆಗೆ ಹೊರಟಿದ್ದವು.

"ನನ್ನ ಕೂಸಿನ ಜೀವಾ ಉಳಿಸಿದ್ರಿ ಮಾವಶಿ," ಎಂದೆ.

"ಸುಳ್ಳ ಯಾಕ ಹೇಳ್ಲಿ?" ಎಂದರು ಅವರು. "ಕೂಸಿನ ನೆನಪ ನನಗ ಆಗಿರಲಿಲ್ಲ. ಇರಿವಿ ಸಾಯತಾವಲ್ಲ ಅಂತ ಬಂದಿದ್ದೆ."

ಆದರೂ ಮನಸ್ಸು ತಡೆಯದೆ ಇಬ್ಬರೂ ರಿಕ್ಷಾ ಹಿಡಿದು ಪಕ್ಕದೂರು ಮೀರಜಿನ ದೊಡ್ಡಾಸ್ಪತ್ರೆಯ ಡಾಕ್ಟರ ಹತ್ತಿರ ಓಡಿದೆವು. ದಾರಿಯುದ್ದಕ್ಕೂ ಮಗಳು ಮಾವಶಿಯ ತೊಡೆಯ ಮೇಲೆ ಕೂತು, ಇನ್ನಷ್ಟು ಸಕ್ಕರೆ ಬೇಕೆಂದು ಹಟ ಮಾಡಿದಳು. ಡಾಕ್ಟರು ಎಲ್ಲ ನೋಡಿ ಏನೂ ಆಗಿಲ್ಲ ಎಂದರು. ಬರುವಾಗ ನಾವಿಬ್ಬರೂ ಸುಮ್ಮಸುಮ್ಮನೆ ನಗುತ್ತಿದ್ದೆವು, ರಿಕ್ಷಾದವನು ತಿರುಗಿ ತಿರುಗಿ ನೋಡುತ್ತಿದ್ದ. ಸಂಜೆ ಯಜಮಾನರ ಮುಂದೆ ಮಾವಶಿ ಆ ವಿಷದ ಉಸುಕನ್ನು ತಂದಿಟ್ಟರು, ಅದೇ ಬೆಲ್ಲದ ಚೀಲದಲ್ಲಿ ಕಟ್ಟಿ. ನಡೆದದ್ದನ್ನೆಲ್ಲ ಕೇಳಿ ಇವರು ಬಗ್ಗಿ ಅವರ ಕಾಲು ಮುಟ್ಟಿದರು. ಆ ಗೋಡೆಯ ಸಂದು ಮುಂದೆಂದೂ ನನಗೆ ಕಾಟ ಅನ್ನಿಸಲಿಲ್ಲ.

ಮಾವಶಿ ಹೋಗಿ ಎಷ್ಟೋ ವರ್ಷಗಳಾದವು. ಪೇರಲ ಗಿಡವೂ ಇಲ್ಲ, ಸಂದು ಮುಚ್ಚಿ ಗೋಡೆ ಎತ್ತರಿಸಿದ್ದಾರೆ...

ಮೊನ್ನೆ ಮಗಳ ಹಿತ್ತಲಲ್ಲಿ ಬೆಲ್ಲದ ಚೀಲ ತೆಗೆಸಿ, ತೊಳೆದ ತಾಡಪಾಲು ಹೊದಿಸಲು ಹೇಳಿ, ಉಸುಕಿನ ಅಂಚಿನಿಂದ ಬೇಲಿಯ ತನಕ ಹಿಟ್ಟು-ಸಕ್ಕರೆ ಎಳೆದೆ. ಮೊಮ್ಮಗ ಪಕ್ಕದಲ್ಲಿ ಕೂತು ಇದು ಯಾರಿಗೆ ಎಂದು ಮರಾಠಿಯಲ್ಲಿ ಕೇಳಿದ. "ಇರಿವಿಗಪ್ಪಾ," ಎಂದೆ. ನಾನು ನೋಡನೋಡುತ್ತಲೇ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡ. ಮಗಳು ಹೌಹಾರಿ ಓಡಿ ಬಂದಳು.

"ತಡಿಯವ್ವಾ, ತಡಿ, ಹಿಟ್ಟದು," ಎಂದೆ ನಾನು. ಆ ಮಾತು ಹೇಳಲು ಈಗ ನಾನೊಬ್ಬಳೇ ಉಳಿದಿದ್ದೇನೆ.